ಹೃದಯ ಸ್ವಲ್ಪ ಕಾಯಲಿ

ಔಷಧ ವ್ಯಾಪಾರದಲ್ಲಿ ಎಲ್ಲರಿಗಿಂತ ಹೆಚ್ಚು ಸಹನೆ ಇರಬೇಕಾದದ್ದು ಹೃದಯಕ್ಕೆ. ಮೂಗಿಗೆ ಅರ್ಜೆಂಟು, ಹೊಟ್ಟೆಗೆ ಅರ್ಜೆಂಟು, ಕಂಪನಿಗೆ ಇನ್ನೂ ಅರ್ಜೆಂಟು. ಹೃದಯ ಮಾತ್ರ ಸಮಿತಿ ಕೂರುವವರೆಗೆ, ಬದಲಿ ಮಾತ್ರೆ ತಯಾರಾಗುವವರೆಗೆ, ಗೆಜೆಟ್ ಅಚ್ಚಾಗುವವರೆಗೆ ತೆಪ್ಪಗೆ ಬಡಿದುಕೊಳ್ಳುತ್ತಿರಬೇಕು.

1985ರಲ್ಲಿ ಅಮೆರಿಕದ ಪೇಟೆಗೆ ಟರ್ಫೆನಡೀನ್ ಎಂಬ ಅಲರ್ಜಿ ಮಾತ್ರೆ ಬಂತು. ಸೀನು ನಿಲ್ಲುತ್ತದೆ, ತೂಕಡಿಕೆ ಬರುವುದಿಲ್ಲ. ಇನ್ನೇನು ಬೇಕು? ಜನ ಮುಗಿಬಿದ್ದರು. 1990ರಲ್ಲಿ ವೈದ್ಯಕೀಯ ಪತ್ರಿಕೆಯೊಂದು 39 ವರ್ಷದ ಹೆಂಗಸೊಬ್ಬರ ವರದಿ ಪ್ರಕಟಿಸಿತು. ಆಕೆ ಇದರ ಜತೆಗೆ ಕೀಟೊಕೊನಜೋಲ್ ಎಂಬ ಫಂಗಸ್ ಮಾತ್ರೆಯನ್ನೂ ನುಂಗಿ, ಎಚ್ಚರ ತಪ್ಪುತ್ತಿದ್ದರು. ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗಿತ್ತು. ಹೃದಯದ ಕೆಳಕೋಣೆಗಳು ಒಮ್ಮೆ ಬಡಿದು ಮತ್ತೆ ಚಾರ್ಜ್ ಆಗಲು ಹಿಡಿಯುವ ಹೊತ್ತು ಅದು. ಮಿತಿಮೀರಿ ಉದ್ದವಾದರೆ ಬಡಿತ ತಿರುಚಿಕೊಂಡು ದಿಕ್ಕೆಟ್ಟು ಓಡುತ್ತದೆ. ಕೆಲವರಲ್ಲಿ ಅದೇ ಕೊನೆಯ ಓಟ.

1993ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ರೇಮಂಡ್ ವೂಸ್ಲಿ ಮತ್ತು ಸಂಗಡಿಗರು ಕಾರಣ ಬಿಡಿಸಿಟ್ಟರು. ಟರ್ಫೆನಡೀನ್ ಹೃದಯದ ಜೀವಕೋಶದಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಗೆ ಅಡ್ಡ ಕೂರುತ್ತದೆ. ಸಾಮಾನ್ಯವಾಗಿ ಲಿವರು ಅದನ್ನು ಹೃದಯದವರೆಗೆ ಬಿಡದೆ, ಸೀನನ್ನಷ್ಟೇ ನಿಲ್ಲಿಸುವ ಸಾಧು ವಸ್ತುವಾಗಿ ಮಾರ್ಪಡಿಸುತ್ತದೆ. ಫಂಗಸ್ ಮಾತ್ರೆ ಲಿವರಿನ ಕೈ ಕಟ್ಟಿದರೆ ಅಸಲಿ ಮಾಲು ನೇರ ಎದೆಗೆ. ಅಂದರೆ ಕಂಪನಿ ಮಾರುತ್ತಿದ್ದುದು ಅಪಾಯವನ್ನು. ಔಷಧಿ ತಯಾರಿಸುತ್ತಿದ್ದುದು ರೋಗಿಯ ಲಿವರು, ಅದೂ ಪುಕ್ಕಟೆ.

ಕಾರಣ ಗೊತ್ತಾಯಿತಲ್ಲ, ಮಾತ್ರೆ ಹಿಂದಕ್ಕೆ ಹೋಯಿತೆ? ಅವಸರ ಬೇಡ. 1992ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಅಚ್ಚಾಗಿತ್ತು. ಚೌಕಟ್ಟಿನ ಒಳಗೆ ಸಾವು, ಹೊರಗೆ ವ್ಯಾಪಾರ. 1996ರ ಜುಲೈನಲ್ಲಿ ಲಿವರಿನ ಆ ಪುಕ್ಕಟೆ ಸರಕಿಗೇ ಫೆಕ್ಸೊಫೆನಡೀನ್ ಎಂದು ನಾಮಕರಣವಾಗಿ, ಅದೇ ಕಂಪನಿಗೆ ಮಾರಲು ಪರವಾನಗಿ ಸಿಕ್ಕಿತು. ಹಳೆಯದನ್ನು ಹಿಂತೆಗೆಯಬೇಕೆಂಬ ಜ್ಞಾನೋದಯ ಅಮೆರಿಕದ ಔಷಧ ಇಲಾಖೆಗೆ ಆದದ್ದು 1997ರ ಜನವರಿಯಲ್ಲಿ. ಹಳೆ ಮಾತ್ರೆಯ ಪಾಪ ಕಣ್ಣಿಗೆ ಬೀಳಲು ಹೊಸ ಮಾತ್ರೆಯ ಬೆಳಕು ಬೇಕಾಯಿತು.

ನಾವೇನು ಕಡಿಮೆ? ಸಿಸಾಪ್ರೈಡ್ ಎಂಬ ಎದೆಯುರಿಯ ಮಾತ್ರೆಯದೂ ಇದೇ ಚಾಳಿ. ಅಮೆರಿಕದ ಅಂಗಡಿಗಳಿಂದ ಅದು ಇಳಿದದ್ದು 2000ದಲ್ಲಿ, ಭಾರತದಲ್ಲಿ ನಿಷೇಧವಾದದ್ದು 2011ರಲ್ಲಿ. ಅಷ್ಟು ವರ್ಷ ನಮ್ಮ ಸರ್ಕಾರ ಭಾರತೀಯ ಹೃದಯ ಅಮೆರಿಕದ್ದಕ್ಕಿಂತ ಗಟ್ಟಿ ಎಂದು ನಂಬಿತ್ತು. ದೇಶಭಕ್ತಿ ಅಂದರೆ ಇದು.

ಈಗ ಡೊಂಪೆರಿಡೋನ್ ಸರದಿ. ವಾಂತಿ, ವಾಕರಿಕೆಗೆ ಮಾತ್ರ ಕೊಡಿ, ಸಾಮಾನ್ಯವಾಗಿ ಒಂದು ವಾರ ದಾಟಿಸಬೇಡಿ ಎಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಕಟ್ಟುಮಾಡಿತು. ನಮ್ಮಲ್ಲಿ ಅದು ಪ್ಯಾಂಟೊಪ್ರಜೋಲ್ ಜತೆ ಒಂದೇ ಗುಳಿಗೆಯೊಳಗೆ ಸಂಸಾರ ಹೂಡಿ, ‘ಗ್ಯಾಸ್ಟ್ರಿಕ್ ಮಾತ್ರೆ’ ಎಂಬ ಬಿರುದು ಗಳಿಸಿ, ಬೆಳಗಿನ ಕಾಫಿಗೆ ಮುಂಚಿನ ನಿತ್ಯಕರ್ಮವಾಗಿದೆ. ಅದರ ಮೇಲೆ ಹುಳುಕಡ್ಡಿಗೆ ಇಟ್ರಾಕೊನಜೋಲ್, ಗಂಟಲಿಗೆ ಅಜಿಥ್ರೊಮೈಸಿನ್. ಮೊದಲಿನದು ಕೀಟೊಕೊನಜೋಲ್‌ನ ದಾಯಾದಿ, ಲಿವರಿನ ಕೈ ಕಟ್ಟುವುದರಲ್ಲಿ ಅದೂ ಪಳಗಿದ್ದೇ. ಕ್ಯೂಟಿ ಉದ್ದ ಮಾಡುವ ಔಷಧಿಗಳ ಪಟ್ಟಿಯನ್ನು ವೂಸ್ಲಿ ಬಳಗ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಡೊಂಪೆರಿಡೋನ್, ಅಜಿಥ್ರೊಮೈಸಿನ್ ಎರಡೂ ಅದರಲ್ಲಿವೆ. ಆದರೆ ಉಚಿತವಾಗಿ ಸಿಕ್ಕಿದ ಬುದ್ಧಿಮಾತು ನಮ್ಮ ಮೈಗೆ ಹತ್ತುವುದಿಲ್ಲ.

‘ಇಷ್ಟು ವರ್ಷ ನುಂಗಿದ್ದೀವಿ, ಯಾರಿಗೇನಾಗಿದೆ?’ ಎನ್ನುತ್ತೀರಿ. ನಿಜ, ಅಪಾಯ ಅಪರೂಪ. ಅದು ಇನ್ನೂ ಅಪರೂಪವಾಗಿ ಕಾಣುವಂತೆ ನೋಡಿಕೊಳ್ಳುವ ಏರ್ಪಾಡೂ ನಮ್ಮಲ್ಲಿದೆ. ಬದುಕಿದ್ದಾಗ ಎದೆಯಲ್ಲಿ ಏನೇ ಆದರೂ ಗ್ಯಾಸ್ಟ್ರಿಕ್, ಸತ್ತ ಮೇಲೆ ಏನೇ ಆಗಿದ್ದರೂ ಹಾರ್ಟ್ ಅಟ್ಯಾಕ್. ನಡುವೆ ನುಂಗಿದ ಮಾತ್ರೆಯ ಹೆಸರು ಯಾವ ದಾಖಲೆಗೂ ಏರುವುದಿಲ್ಲ.

ಹಾಗೆಂದು ನಾವು ಯಾರನ್ನೂ ಶಿಕ್ಷಿಸುವುದಿಲ್ಲ ಎನ್ನಬೇಡಿ. ‘ಡಾಕ್ಟರ್ ಚೀಟಿ ಎಲ್ಲಿ ಸಾರ್? ಬೇರೆ ಯಾವ ಮಾತ್ರೆ ತಗೊಳ್ತಾ ಇದ್ದೀರಿ?’ ಎಂದು ಕೇಳುವ ಮೆಡಿಕಲ್ ಸ್ಟೋರಿನವನೊಬ್ಬ ಎಲ್ಲೋ ಇರುತ್ತಾನೆ. ‘ಇವನ್ಯಾವ ಸೀಮೆ ಡಾಕ್ಟರು’ ಎಂದು ಗೊಣಗುತ್ತಾ ಪಕ್ಕದಂಗಡಿಗೆ ನಡೆಯುತ್ತೇವೆ. ವರ್ಷದೊಳಗೆ ಅವನು ಶಟರ್ ಎಳೆಯುತ್ತಾನೆ. ಔಷಧ ಸುರಕ್ಷತೆಯ ವಿಷಯದಲ್ಲಿ ಈ ನಾಡು ತಡಮಾಡದೆ ಜಾರಿಮಾಡಿದ ನಿಷೇಧ ಅದೊಂದೇ.