ಸ್ವಾರಗೇಟ ಲೋಕಲ್‌ಹೋಸ್ಟ್ ಮೀಮಾಂಸೆ

ಈ ಪ್ರಬಂಧದ ಕ್ಷೇತ್ರಕಾರ್ಯ ನಡೆದದ್ದು ಪುಣೆಯ ಸ್ವಾರಗೇಟ ಎಸ್.ಟಿ. ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಾಳಿಗೆಯ ಒಂದು ಖೋಲಿಯಲ್ಲಿ. ಕಾಲ, ಡಿಸೆಂಬರ್ ತಿಂಗಳ ಎರಡು ವಾರ. ಸಂಶೋಧನಾ ಸಾಮಗ್ರಿ: ಕೀಲು ಸಡಿಲಾದ ಒಂದು ಲ್ಯಾಪ್‌ಟಾಪು, ಚಹಾದ ಪಾತೇಲಿ, ಇಂಡಿ ತಾಲೂಕಿನ ಒಬ್ಬ ಜೊತೆಗಾರ. ಅನುದಾನ ಯಾರೂ ಕೊಟ್ಟಿಲ್ಲ.

ಮೊದಲು ಸ್ಥಳನಾಮ ವಿಚಾರ. ವಿಜಯಪುರದ ಗಾಡಿಯಿಂದ ನಸುಕಿನಲ್ಲಿ ಇಳಿಯುವ ನಮ್ಮ ಕಡೆಯ ಪಂಡಿತರು ಇದನ್ನು ‘ಸ್ವರ್ಗದ ಗೇಟು’ ಎಂದು ಬಿಡಿಸುತ್ತಾರೆ. ಮರಾಠಿಯಲ್ಲಿ ‘ಸ್ವಾರ’ ಎಂದರೆ ಸವಾರ, ಸ್ವರ್ಗಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಸಂಜೆ ಆರಕ್ಕೆ ಜೇಧೆ ಚೌಕದಲ್ಲಿ ರಸ್ತೆ ದಾಟಿದವರಿಗೆ ಎರಡೂ ವ್ಯುತ್ಪತ್ತಿ ಸರಿ ಎನಿಸುತ್ತವೆ: ಸವಾರರು ಕಣ್ಣೆದುರಿಗೇ ಇದ್ದಾರೆ, ಸ್ವರ್ಗವೂ ಬಹಳ ದೂರವಿಲ್ಲ. 2024ರ ಸೆಪ್ಟೆಂಬರ್ 29ರಂದು ಇಲ್ಲಿಯವರೆಗೆ ನೆಲದಡಿಯ ಮೆಟ್ರೋ ಬಂದು, ಪಾತಾಳಕ್ಕೂ ಒಂದು ಗೇಟು ಆದಂತಾಗಿದೆ.

ಇನ್ನು ಪ್ರಮೇಯ. ಸ್ವಾರಗೇಟದಿಂದ ವಿಜಯಪುರಕ್ಕೆ ಮುಂದಿನ ಗಾಡಿ ಹೊರಡಲು ಎಷ್ಟು ಹೊತ್ತಿದೆ ಎಂದು ಹೇಳುವ ಒಂದು ಪಿಎಚ್‌ಪಿ ಸ್ಕ್ರಿಪ್ಟನ್ನು ನಾನು ಬರೆದಿದ್ದೆ. ಕಿಟಕಿಯಿಂದ ಬಗ್ಗಿದರೆ ಸ್ಟ್ಯಾಂಡೇ ಕಾಣುತ್ತಿತ್ತು ಎಂಬ ಆಕ್ಷೇಪ ಶಾಸ್ತ್ರದ ಹೊರಗಿನದು, ಅದಕ್ಕೆ ಇಲ್ಲಿ ಉತ್ತರವಿಲ್ಲ.

ಸ್ಕ್ರಿಪ್ಟು ಓಡಲು ಸರ್ವರ್ ಬೇಕು. ಜೊತೆಗಾರನಿಗೆ ಇದನ್ನು ತಿಳಿಸುವಷ್ಟರಲ್ಲಿ ಅವನು ಫೈಲಿನ ಮೇಲೆ ಎರಡು ಸಲ ಒತ್ತಿ ತೆರೆದಾಗಿತ್ತು. ಬ್ರೌಸರಿನ ತುಂಬ ನಾನು ಬರೆದ ಕೋಡೇ ಹರಡಿಕೊಂಡಿತ್ತು, ರೊಟ್ಟಿ ಕೇಳಿದವನ ತಾಟಿಗೆ ಜೋಳದ ಹಿಟ್ಟು ಸುರಿದ ಹಾಗೆ. ಹಿಟ್ಟು ರೊಟ್ಟಿಯಾಗಬೇಕಾದರೆ ಫೈಲು ‘ಎಚ್‌ಟಿಡಾಕ್ಸ್’ ಎಂಬ ಅಡುಗೆಮನೆಯಲ್ಲಿರಬೇಕು, ಅಪಾಚೆ ಎಂಬ ಒಲೆ ಉರಿಯುತ್ತಿರಬೇಕು, ಮತ್ತು ಬೇಡಿಕೆ ಲೋಕಲ್‌ಹೋಸ್ಟ್ ಎಂಬ ಬಾಗಿಲಿನಿಂದ ಬರಬೇಕು. ಲೋಕಲ್‌ಹೋಸ್ಟ್ ಎಂದರೆ 127.0.0.1, ಅಂದರೆ ಸ್ವಾರಗೇಟದಲ್ಲಿ ಹತ್ತಿ ಸ್ವಾರಗೇಟದಲ್ಲೇ ಇಳಿಯುವ ಪ್ರಯಾಣ. 127ರಿಂದ ಶುರುವಾಗುವ ವಿಳಾಸಗಳೆಲ್ಲ ಈ ಒಂದೇ ಕೆಲಸಕ್ಕೆ ಮೀಸಲು: 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸ, ಎಲ್ಲ ‘ನಮ್ಮ ಮನೆಯೇ’. ಬಾಡಿಗೆಗೆ ಒಂದು ಖೋಲಿ ಹುಡುಕಿ ಪುಣೆ ಸುತ್ತಿದವನು ಈ ಅಂಕಿ ಓದಿ ನಿಟ್ಟುಸಿರು ಬಿಡದಿರಲಾರ.

ಅಪಾಚೆ, ದತ್ತಾಂಶದ ಭಂಡಾರ, ಪಿಎಚ್‌ಪಿ, ಪರ್ಲ್ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿಕೊಡುವ ‘ಎಕ್ಸಾಂಪ್’ ಅನ್ನು 2002ರಿಂದ ಕೊಡುತ್ತ ಬಂದವರು ಜರ್ಮನಿಯಲ್ಲಿ ಹುಟ್ಟಿದ ಅಪಾಚೆ ಫ್ರೆಂಡ್ಸ್ ಬಳಗ. ಈ ಜರ್ಮನ್ ಮೂಲವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಗಂಟು ಬಿಚ್ಚಿದೆವು. ಅಪಾಚೆ ಏಳಲಿಲ್ಲ.

ಇಲ್ಲಿ ಎರಡು ಪಂಥಗಳ ಭೇದವನ್ನು ವಿವರಿಸಲೇಬೇಕು. ಒಂದು ಬಂದ್-ಚಾಲೂ ಪಂಥ. ಇದರ ಏಕೈಕ ಸೂತ್ರ ಜೊತೆಗಾರನ ಬಾಯಲ್ಲಿ ಹೀಗಿದೆ: “ಬಂದ್ ಮಾಡಿ ಚಾಲೂ ಮಾಡಲೇ.” ಭಾಷ್ಯವೂ ಅವನದೇ: “ಮತ್ತೊಮ್ಮಿ ಮಾಡು.” ಎರಡನೆಯದು ಲಾಗ್ ಪಂಥ. ಯಂತ್ರ ತನ್ನ ರೋಗವನ್ನು ತಾನೇ ಎರರ್ ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ, ಓದಿದವನೇ ವೈದ್ಯ ಎಂಬುದು ಇದರ ಮತ. ಈ ಪಂಥದ ಅನುಯಾಯಿಗಳು ಖೋಲಿಯಲ್ಲಿ ನಾನೊಬ್ಬನೇ. ನಮ್ಮ ಪಂಥಕ್ಕೆ ಪ್ರಾಚೀನ ಆಧಾರವೂ ಇದೆ. 1990ರಲ್ಲಿ ಜಗತ್ತಿನ ಮೊದಲ ವೆಬ್ ಸರ್ವರ್ ಸೆರ್ನ್ ಸಂಸ್ಥೆಯ ಒಂದು ನೆಕ್ಸ್ಟ್ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಇದು ಸರ್ವರ್, ಬಂದ್ ಮಾಡಬೇಡಿ ಎಂದು ಆ ಪೆಟ್ಟಿಗೆಗೆ ಕೆಂಪು ಶಾಯಿಯ ಚೀಟಿ ಅಂಟಿಸಿದ್ದರು. ಆ ಸರ್ವರ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಪುಣೆಯ ಸದಾಶಿವ ಪೇಠೆಯಲ್ಲಿ ಮನೆ ಮಾಡಿದ ದಾಖಲೆಯಿಲ್ಲ. ಆದರೂ ಆ ಚೀಟಿಯನ್ನು ಶುದ್ಧ ಪುಣೇರಿ ಪಾಟಿ ಎಂದೇ ಪರಿಗಣಿಸಬೇಕು.

ಪಾಟಿಯ ಮಾತು ಬಂತು, ಹೇಳಿಬಿಡುತ್ತೇನೆ. ಸರ್ವರಿನ ದೋಷಸಂದೇಶಗಳು ಅರ್ಥವಾಗುವುದಿಲ್ಲ ಎನ್ನುವವರು ಪುಣೆಯ ಗೇಟುಗಳ ಮೇಲಿನ ಫಲಕಗಳನ್ನು ಓದಿಲ್ಲ. ಧಾಟಿ ಅದೇ. 403: ‘ಒಳಗೆ ಇದೆ, ನಿಮಗಲ್ಲ.’ 404: ‘ಇಲ್ಲ. ಇದ್ದಿದ್ದರೆ ಕೊಡುತ್ತಿರಲಿಲ್ಲವೆ?’ 500: ‘ಮನೆಯೊಳಗೆ ಜಗಳ ನಡೆದಿದೆ, ಕಾರಣ ಕೇಳಬಾರದು.’ ಮೂರನೆಯದರ ಕಾರಣ ಮಾತ್ರ ಲಾಗಿನಲ್ಲಿರುತ್ತದೆ.

ನಮಗೆ ಬಂದ ಸಂದೇಶ ಇದಕ್ಕಿಂತ ಸರಳ. 80ನೇ ಪೋರ್ಟನ್ನು ಬೇರೆ ಯಾರೋ ಹಿಡಿದಿದ್ದಾರೆ, ಅವರ ಪ್ರಕ್ರಿಯಾ ಸಂಖ್ಯೆ 4 ಎಂದು ಎಕ್ಸಾಂಪ್‌ನ ಪ್ಯಾನೆಲ್ಲೇ ಕೆಂಪಕ್ಷರದಲ್ಲಿ ಬರೆದಿತ್ತು. ಜೊತೆಗಾರ ಅದರ ಮೇಲೇ ಬೆರಳಿಟ್ಟುಕೊಂಡು ಹದಿಮೂರು ಸಲ ಚಾಲೂ ಮಾಡಿದ. ಫಲಾಟಿನಲ್ಲಿ ಸಾಂಗಲಿಯ ಗಾಡಿ ನಿಂತಿರುವಾಗ ಸಾತಾರಾದ ಡ್ರೈವರ್ ಹದಿಮೂರು ಸಲ ಹಾರ್ನ್ ಹೊಡೆದರೆ ಆಗುವುದೇನು? ಇನ್ನು ಈ ನಾಲ್ಕನೇ ನಂಬರಿನವನು ಸಾಮಾನ್ಯನಲ್ಲ, ಸಾಕ್ಷಾತ್ ವಿಂಡೋಸ್‌ನ ಗರ್ಭಗುಡಿಯವನು, ಎಬ್ಬಿಸಿ ಕಳಿಸಲಾಗದು. ಹಾಗಾಗಿ ಅಪಾಚೆಯ ಸಂರಚನಾ ಕಡತ ತೆರೆದು, ‘ಲಿಸನ್’ ಎಂಬ ಸಾಲಿನ ಮುಂದಿದ್ದ 80ನ್ನು 8080 ಮಾಡಿದೆ. ಪೋರ್ಟುಗಳ ಸಂಖ್ಯೆ 65,535ರವರೆಗೂ ಹೋಗುತ್ತದೆ, ಜಾಗಕ್ಕೇನು ಕೊರತೆ? ಅಪಾಚೆ ಎದ್ದಿತು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದಷ್ಟೇ ಬರೆಯದೆ ಅದರ ಮುಂದೆ 8080 ಸೇರಿಸಬೇಕು ಎಂಬುದನ್ನು ಜೊತೆಗಾರನಿಗೆ ನಾಲ್ಕು ದಿನ ಹೇಳಿದೆ. ಅಪಾಚೆ ಎದ್ದ ದಿನವೇ ಲಾಗ್ ಪಂಥದ ಗೆಲುವು ಘೋಷಿಸಿ, ಇನ್ನು ಈ ಖೋಲಿಯಲ್ಲಿ ಯಾರೂ ಬಂದ್-ಚಾಲೂ ಮಾಡಕೂಡದು ಎಂದು ಗೋಡೆಗೆ ಚೀಟಿಯನ್ನೂ ಅಂಟಿಸಿದೆ.

ಆಮೇಲೆ ಬಂದದ್ದು ಪ್ರಶ್ನಾರ್ಥಕ ಪರ್ವ. ಊರಿನ ಪಟ್ಟಿಗೆ ‘ವಿಜಯಪುರ’ ಎಂದು ಬರೆದರೆ ಏಳು ಪ್ರಶ್ನೆಚಿಹ್ನೆ ಬರುತ್ತಿದ್ದವು. ಐದಕ್ಷರದ ಊರಿಗೆ ಏಳು ಪ್ರಶ್ನೆ ಯಾಕೆ? ಯುನಿಕೋಡ್ ಲೆಕ್ಕದಲ್ಲಿ ಗುಡಿಸು ಒಂದು, ಕೊಂಬು ಒಂದು ಬೇರೆ, ಒಟ್ಟು ಏಳು. ಮೂಲ ಹುಡುಕಿದರೆ, ನಮ್ಮ ಹಳೆಯ ದತ್ತಾಂಶದ ಕೋಷ್ಟಕ ‘ಲ್ಯಾಟಿನ್1 ಸ್ವೀಡಿಷ್’ ಎಂಬ ಲಿಪಿಧರ್ಮಕ್ಕೆ ಸೇರಿತ್ತು. ಮೈಎಸ್‌ಕ್ಯೂಎಲ್ ಎಂಬ ಆ ಭಂಡಾರ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಹೀಗಾಗಿ ಬೇರೆ ಹೇಳದಿದ್ದರೆ ಜಗತ್ತಿನ ಊರುಗಳೆಲ್ಲ ಸ್ವೀಡಿಷ್ ಅಕಾರಾದಿಯಲ್ಲಿ ನಿಲ್ಲಬೇಕು ಎಂಬುದು ಬಹುಕಾಲ ಅದರ ಪದ್ಧತಿಯಾಗಿತ್ತು. 2018ರ ಎಂಟನೇ ಆವೃತ್ತಿಯಲ್ಲಷ್ಟೇ ಅದು ಬದಲಾಯಿತು. ಕೋಷ್ಟಕವನ್ನು ಕನ್ನಡವನ್ನೂ ಹಿಡಿಸುವ ಯುಟಿಎಫ್8ಎಂಬಿ4ಕ್ಕೆ ಮತಾಂತರಿಸಿದೆ. ಹೊಸದಾಗಿ ಬರೆದ ಊರು ಊರಾಗಿ ಬಂತು, ಹಳೆಯ ಪ್ರಶ್ನೆಗಳು ಪ್ರಶ್ನೆಗಳಾಗಿಯೇ ಉಳಿದವು. ಒಮ್ಮೆ ಕಳೆದ ಅಕ್ಷರವನ್ನು ಯಾವ ಕಡತವೂ ಮರಳಿಸದು.

ಕಡೆಯದು ಕಾಲಮೀಮಾಂಸೆ. ಸ್ಕ್ರಿಪ್ಟು ತೋರಿಸುವ ಹೊತ್ತು ನಮ್ಮ ಹೊತ್ತಿಗಿಂತ ನಾಲ್ಕೂವರೆ ತಾಸು ಹಿಂದಿತ್ತು. ಮೇಲೆ ನೆನಪಿಟ್ಟುಕೊಳ್ಳಿ ಎಂದಿದ್ದ ಜರ್ಮನ್ ಮೂಲ ಇಲ್ಲಿ ಒದಗುತ್ತದೆ: ಎಕ್ಸಾಂಪ್ ಜೊತೆ ಬರುವ ಪಿಎಚ್‌ಪಿ ಕಡತದಲ್ಲಿ ಕಾಲವಲಯ ‘ಯುರೋಪ್/ಬರ್ಲಿನ್’ ಎಂದೇ ಬರೆದಿರುತ್ತದೆ. ವಿಜಯಪುರದ ಗಾಡಿ ಸ್ವೀಡಿಷ್ ಲಿಪಿಯಿಂದ ಪಾರಾದರೂ ಬರ್ಲಿನ್ ಗಡಿಯಾರದ ಕೈಗೆ ಸಿಕ್ಕಿತ್ತು. ಆ ಸಾಲನ್ನು ‘ಏಷ್ಯಾ/ಕೋಲ್ಕತಾ’ ಎಂದು ತಿದ್ದಿ, ಉಳಿಸಿ, ಕಡತ ಮುಚ್ಚಿದೆ. “ಒಮ್ಮಿ ಬಂದ್ ಮಾಡಿ ಚಾಲೂ ಮಾಡಬೇಕೇನೋ?” ಎಂದ ಜೊತೆಗಾರ. ಗೋಡೆಯ ಚೀಟಿ ತೋರಿಸಿದೆ.

ಆವತ್ತು ರಾತ್ರಿ ಒಂಬತ್ತಕ್ಕೆ ಸ್ಕ್ರಿಪ್ಟನ್ನು ಕೇಳಿದೆವು. ಒಂಬತ್ತೂವರೆಯ ಗಾಡಿಗೆ ಇನ್ನೂ 5 ತಾಸು ಇದೆ ಎಂದಿತು. “ಐದು ತಾಸು ಐತಲ್ಲೋ, ಉಂಡು ಒಂದು ನಿದ್ದಿ ತಗದು ಹೋಗೂನು” ಎಂದ ಜೊತೆಗಾರ. ಕೈಗಡಿಯಾರ ನೋಡುವ ಹಳೆಯ ಪದ್ಧತಿಯನ್ನು ನಾವಿಬ್ಬರೂ ಅದಾಗಲೇ ಬಿಟ್ಟಿದ್ದೆವು. ಸಾವಕಾಶ ಉಂಡು, ಮಲಗುವ ಬದಲು ಸ್ಟ್ಯಾಂಡಿನಲ್ಲೇ ಕಾಯೋಣವೆಂದು ಲ್ಯಾಪ್‌ಟಾಪು ಮಡಚಿ ಹೊರಟೆವು.

ಸ್ಟ್ಯಾಂಡಿನಲ್ಲಿ ಹನ್ನೊಂದು ಹೊಡೆದಿತ್ತು. ಚೌಕಶಿ ಕಿಟಕಿಯವರು ತಲೆಯೆತ್ತದೆ ಗೋಡೆಯ ಫಲಕದ ಕಡೆ ಕೈ ತೋರಿಸಿದರು.

ಬಾಕಿನ ಮೇಲೆ ಕೂತು ಲ್ಯಾಪ್‌ಟಾಪು ತೆರೆದೆ. ಪಿಎಚ್‌ಪಿಯ ಆ ಕಡತವನ್ನು ಅಪಾಚೆ ಏಳುವಾಗ ಒಂದೇ ಸಲ ಓದುತ್ತದೆ, ತಿದ್ದಿದ ಮೇಲೆ ಬಂದ್ ಮಾಡಿ ಚಾಲೂ ಮಾಡದೆ ಗತಿಯಿಲ್ಲ. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಜೊತೆಗಾರ ಏನೂ ಅನ್ನಲಿಲ್ಲ, ನನ್ನ ಬೆರಳನ್ನೇ ನೋಡುತ್ತ ಕೂತ. ಬಂದ್ ಒತ್ತಿದೆ, ಚಾಲೂ ಒತ್ತಿದೆ, ಪುಟ ತೆರೆದೆ. ‘ವಿಜಯಪುರ: ಗಾಡಿ ಹೋಗಿ 1 ತಾಸು 32 ನಿಮಿಷ.’

ಅವನು ಬಗ್ಗಿ ಓದಿದ.

“ಈಗ ಬರೋಬ್ಬರಿ ನಡದೈತಿ ನೋಡು” ಎಂದ.