ಚತುಷ್ಪಥ ಪುರಾಣ

ಭಟ್ಕಳ, ಹೊನ್ನಾವರ, ಕುಮಟೆಗಳ ಪೌರಜನರಿಗೆ ಹೆದ್ದಾರಿಯೆಂಬುದು ಸಂಚಾರಕ್ಕಿಂತ ಹೆಚ್ಚಾಗಿ ಸಲ್ಲಾಪಕ್ಕೆ ಒದಗುವ ವಸ್ತು. 2010ರಲ್ಲಿ ಸರಕಾರವು 17ನೆಯ ರಾಷ್ಟ್ರೀಯ ಹೆದ್ದಾರಿಗೆ 66ನೆಯದೆಂದು ಹೊಸ ಸಂಖ್ಯೆ ಕರುಣಿಸಿದಾಗ, ಅಂಕಿ ಹಿಗ್ಗಿದಷ್ಟೇ ಸುಲಭವಾಗಿ ರಸ್ತೆಯೂ ಹಿಗ್ಗೀತೆಂದು ನಂಬಿದ ನಮ್ಮ ಸಾತ್ತ್ವಿಕತೆಯನ್ನು ಮೆಚ್ಚಬೇಕು. ಮಳೆಗಾಲದಲ್ಲಿ ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನಲ್ಲಿ ನೀರು ನಿಂತು, ಸ್ಕೂಟರಿನವನು ಕಾಲೆರಡನ್ನೂ ಮೇಲೆತ್ತಿ ತೇಲುತ್ತಿರಲು, ಪುರಸಭೆಯು ಹೆದ್ದಾರಿ ಪ್ರಾಧಿಕಾರದತ್ತಲೂ, ಪ್ರಾಧಿಕಾರವು ಗುತ್ತಿಗೆದಾರನತ್ತಲೂ, ಗುತ್ತಿಗೆದಾರನು ಆಕಾಶದತ್ತಲೂ ಬೊಟ್ಟುಮಾಡುವ ಆ ಸುವ್ಯವಸ್ಥಿತ ಪರಂಪರೆಯಲ್ಲಿ, ವರುಣನೊಬ್ಬನೇ ಕಾಲಮಿತಿಯೊಳಗೆ ಕೆಲಸ ಮುಗಿಸುವವನು. ಕುಮಟೆಯಲ್ಲಾದರೋ ಬೈಪಾಸು ಬೇಕೆನ್ನುವವರೂ ಬೇಡವೆನ್ನುವವರೂ ಒಂದೇ ಹೋಟೆಲಿನಲ್ಲಿ ಕುಳಿತು ಮನವಿಪತ್ರ ಬರೆಯುತ್ತಾರೆ. ಹೊನ್ನಾವರದವರು ನಡುವೆ ಇರುವುದರಿಂದ ಎರಡೂ ಕಡೆಯ ಸುದ್ದಿಗೆ ಒಗ್ಗರಣೆ ಹಾಕಿ ಶರಾವತಿ ಸೇತುವೆ ದಾಟಿಸುತ್ತಾರೆ. ಚಹದ ಬಾಕಿ ಮಾತ್ರ ಇನ್ನೂ ಯಾವ ಇಲಾಖೆಯ ವ್ಯಾಪ್ತಿಗೂ ಬಂದಂತಿಲ್ಲ.