ಅಣ್ಣಾ, ಸ್ವಲ್ಪ ಸೈಡಿಗೆ ಬರ್ರಿ

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಊರಿನ ಹುಡುಗರ ಗತಿಯೇನು ಎಂದು ಹಿರಿಯರು ಚಿಂತೆಗೆ ಬಿದ್ದಿದ್ದರು. ಚಿಂತೆ ಬೇಡ, ಊರು ಈಗಲೂ ರೀಲು ಸುತ್ತುತ್ತಿದೆ. ಬಂಡವಾಳವೂ ಕಡಿಮೆ: ಒಂದು ಫೋನು, ಕೊರಳಪಟ್ಟಿಗೆ ಸಿಕ್ಕಿಸುವ ಪುಟ್ಟ ಮೈಕು, ಉಂಗುರದಾಕಾರದ ಒಂದು ದೀಪ. ಕಚ್ಚಾ ಮಾಲು ಕಂಡವರ ಮುಖ. ಅದಕ್ಕೆ ನಯಾಪೈಸೆ ಕೊಡಬೇಕಿಲ್ಲ.

ಈ ಕೈಗಾರಿಕೆಯ ಮುಖ್ಯ ಘಟಕ ಬೆಣ್ಣೆ ದೋಸೆ ಹೋಟೆಲು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ನೋಡಿ. ಸೌದೆ ಒಲೆಯ ಮೇಲೆ ಕಾವಲಿ ಕಾದಿದೆ, ಮುಂದೆ ಬೆವರು ಸುರಿಸುತ್ತ ದೋಸೆ ಹುಯ್ಯುವವನು, ಅವನ ಮೂಗಿನ ನೇರಕ್ಕೆ ಒಂದು ಫೋನು. 'ಹಾಯ್ ಗೈಸ್, ದಾವಣಗೆರೆಯ ಹಿಡನ್ ಜೆಮ್‌ಗೆ ಬಂದಿದೀನಿ' ಎಂದು ಫೋನು ಹಿಡಿದ ತಮ್ಮ ಶುರು ಮಾಡುತ್ತಾನೆ. ಮೂರು ತಲೆಮಾರು ಸಾಲು ಹಚ್ಚಿ ತಿಂದ ಜಾಗ ಅದು. ಅಡಗಿಕೊಂಡಿದ್ದು ಯಾರಿಂದ ಅಂತ ಕೇಳಬಾರದು, ವ್ಯೂಸ್ ಕಡಿಮೆಯಾಗುತ್ತದೆ. ಬೆಣ್ಣೆ ಬೀಳುವ ಶಾಟು ಸರಿ ಬರಲಿಲ್ಲ. 'ಅಣ್ಣಾ, ಇನ್ನೊಂದ್ಸಲ ಹಾಕ್ರಿ.' ಹಾಕಿದ. ಆಂಗಲ್ ತಪ್ಪಿತು. ಮೂರನೇ ಸಲ ಬೆಣ್ಣೆ ದೋಸೆ ದಾಟಿ ಕಾವಲಿಗಿಳಿದು ಹೊಗೆ ಎದ್ದಾಗ ಅವನು ಕೇಳಿಯೇಬಿಟ್ಟ: 'ತಮ್ಮಾ, ಇದು ದೋಸೇನೋ, ಅಭಿಷೇಕಾನೋ?' ಆ ಮಾತೇ ವೈರಲ್ ಆಯಿತು. ಆತನ ಮುಖದ ಮೇಲೆ ಯಾರೋ ಕನ್ನಡಕ ಅಂಟಿಸಿದರು, ಹಿಂದೆ ಸಂಗೀತ ಹಾಕಿದರು. ಅವನ ಸಂಬಳ ಹಿಂದಿನ ತಿಂಗಳು ಎಷ್ಟಿತ್ತೋ ಅಷ್ಟೇ ಇದೆ.

ಈಗ ಅವನ ಬೆನ್ನ ಹಿಂದಿನ ಟೇಬಲುಗಳನ್ನು ನೋಡಿ. ಒಂದರಲ್ಲಿ, ಹರಿಹರದಲ್ಲಿ ಸೋದರಮಾವನ ತಿಥಿ ಅಂತ ಆಫೀಸಿಗೆ ರಜೆ ಚೀಟಿ ಕೊಟ್ಟು ಬಂದ ಗುಮಾಸ್ತರು. ಇನ್ನೊಂದರಲ್ಲಿ, ಸಕ್ಕರೆ-ಕೊಲೆಸ್ಟರಾಲ್ ಎರಡೂ ಏರಿ, ಹೆಂಡತಿ ಕೈಯಾರೆ ಕುಡಿಸಿದ ರಾಗಿ ಗಂಜಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎರಡನೇ ದೋಸೆಗೆ ಕೈಯೆತ್ತಿದ ಯಜಮಾನರು. ಮೂರನೆಯದರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಎರಡೂ ಮನೆಗೆ ಇನ್ನೂ ಹೇಳಿಲ್ಲ. ಸಂಜೆಯೊಳಗೆ ರೀಲು ಫ್ಯಾಮಿಲಿ ಗ್ರೂಪಿಗೆ ಬಂತು. ಗುಮಾಸ್ತರಿಗೆ ಮೆಮೊ, ಯಜಮಾನರಿಗೆ ರಾತ್ರಿಯೂ ಗಂಜಿ. ಇವೆರಡಕ್ಕೆ ನಗಬಹುದು. ಮೂರನೇ ಟೇಬಲಿನ ಕೆಳಗೆ 'ಯಾರ ಮನೆ ಹುಡುಗಿ ಇದು?' ಅಂತ ಕಾಮೆಂಟು ಬಿದ್ದಿತಲ್ಲ, ಅದಕ್ಕೆ ನಗಲಾಗದು. ನಮ್ಮ ಕಡೆ ಆ ಪ್ರಶ್ನೆಗೆ ಅರ್ಧ ಗಂಟೆಯೊಳಗೆ ಮನೆ, ಮನೆತನ, ಜಾತಿ ಸಮೇತ ಉತ್ತರ ಸಿಗುತ್ತದೆ.

ತಮ್ಮನಿಗೆ ಸೌಜನ್ಯ ಗೊತ್ತಿಲ್ಲ ಅನ್ನಬೇಡಿ. ಕ್ಯಾಮೆರಾಗೆ ಅಡ್ಡ ಬಂದ ಪ್ರತಿಯೊಬ್ಬರಿಗೂ 'ಅಣ್ಣಾ, ಸ್ವಲ್ಪ ಸೈಡಿಗೆ ಬರ್ರಿ' ಎಂದು ವಿನಯದಿಂದಲೇ ಕೇಳಿಕೊಂಡ. ಕೇಳದೇ ಬಿಟ್ಟಿದ್ದು ಫ್ರೇಮಿನೊಳಗೆ ಸಿಕ್ಕಿಬಿದ್ದವರನ್ನು ಮಾತ್ರ.

ಬೆಣ್ಣೆ ದೋಸೆಯ ಮೂಲ ಕೇಳಿದರೆ ಊರವರು 1928ಕ್ಕೆ ಹೋಗುತ್ತಾರೆ. ಚೆನ್ನಮ್ಮ ಎಂಬ ತಾಯಿ ಬೆಳಗಾವಿ ಜಿಲ್ಲೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ವಸಂತ ಟಾಕೀಸಿನ ಹತ್ತಿರ ಸಾವಳಗಿ ನಾಟಕ ಥಿಯೇಟರಿನ ಎದುರು ರಾಗಿ ದೋಸೆ ಹುಯ್ಯಲು ಕೂತರಂತೆ. ಬೆಣ್ಣೆ ಸೇರಿದ್ದು ಮಕ್ಕಳ ಕಾಲಕ್ಕೆ. ಅಂದರೆ ನಮ್ಮ ದೋಸೆ ಹುಟ್ಟಿದ್ದೇ ನಾಟಕದ ಬಾಗಿಲಲ್ಲಿ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ವೇಷ ಕಟ್ಟುವುದನ್ನು ಇಲ್ಲಿನವರಿಗೆ ಇನ್‌ಸ್ಟಾಗ್ರಾಮ್ ಬಂದು ಕಲಿಸಬೇಕಿರಲಿಲ್ಲ. ಆದರೆ ಕಂಪನಿ ನಾಟಕಕ್ಕೆ ಒಂದು ಪರದೆ ಇತ್ತು, ಪರದೆಯ ಹಿಂದೆ ಬಣ್ಣದ ಮನೆ ಇತ್ತು. ಟಿಕೀಟು ಕೊಂಡವನಿಗೆ ಸಿಗುತ್ತಿದ್ದುದು ಪರದೆಯ ಈಚೆಗಿನದು ಮಾತ್ರ.

ಈಗ ಬಣ್ಣದ ಮನೆಯೇ ಆಟ. 'ಗೆಟ್ ರೆಡಿ ವಿತ್ ಮಿ' ಎಂದು ಹಲ್ಲುಜ್ಜುವುದರಿಂದ ಶುರುವಾಗುತ್ತದೆ. ರಾತ್ರಿ ಬಣ್ಣ ಒರೆಸುವುದೂ ಒಂದು ವಿಡಿಯೋ, ಒರೆಸುವ ಕ್ರೀಮಿನವರು ದುಡ್ಡು ಕೊಟ್ಟಿರುತ್ತಾರೆ. ಕೊಟ್ಟಿದ್ದನ್ನು ಹೇಳಬೇಕು, 'ಜಾಹೀರಾತು' ಎಂದು ಎದ್ದು ಕಾಣುವಂತೆ ಬರೆಯಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ನಿಯಮ ತಂದಿತು. ಜನರನ್ನು ದಾರಿ ತಪ್ಪಿಸಿದರೆ 10 ಲಕ್ಷದವರೆಗೆ ದಂಡ, ಮತ್ತೆ ಮತ್ತೆ ಮಾಡಿದರೆ 50 ಲಕ್ಷ. ಜಗಳ, ಬಸಿರು, ಬಾಣಂತನ, ಅತ್ತೆಯ ಆಪರೇಷನ್ನು ಎಲ್ಲವನ್ನೂ ಬಿಚ್ಚಿಟ್ಟವರಿಗೆ ಇಲ್ಲಿ ಮಾತ್ರ ತಟ್ಟನೆ ನಾಚಿಕೆ ಬಂದುಬಿಡುತ್ತದೆ. ಯಾರು ಎಷ್ಟು ಕೊಟ್ಟರು ಅನ್ನುವುದೊಂದೇ ಅವರ ಪಾಲಿಗೆ ಉಳಿದಿರುವ ಖಾಸಗಿ ವಿಷಯ.

ದೊಡ್ಡವರದು ಅವರ ಇಷ್ಟ, ಮಾರಿಕೊಳ್ಳಲಿ. ಮಕ್ಕಳದು? ಸ್ಕ್ಯಾನಿಂಗ್ ಫೋಟೊದಲ್ಲಿ ಪಾದಾರ್ಪಣೆ, ಹೆರಿಗೆ ವಾರ್ಡಿನಲ್ಲಿ ಮೊದಲ ರೀಲು, ನಾಮಕರಣಕ್ಕೆ ಮುಂಚೆಯೇ ಸ್ವಂತ ಖಾತೆ. ಚಡ್ಡಿ ಒದ್ದೆ ಮಾಡಿಕೊಂಡು ಅಳುವ ಮೂರು ವರ್ಷದ ಮಗುವಿನ ಮುಂದೆ ಅಪ್ಪ ಫೋನು ಹಿಡಿದು 'ಇನ್ನೊಂದ್ಸಲ ಅಳು ಪುಟ್ಟಾ' ಅನ್ನುತ್ತಾನೆ. ಆ ಮಗು ನಾಳೆ ಹೈಸ್ಕೂಲಿಗೆ ಹೋದಾಗ ಹಿಂದಿನ ಬೆಂಚಿನವರು ಆ ಅಳುವನ್ನು ಹುಡುಕಿ ತೆಗೆಯುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಏನನ್ನುತ್ತದೆ? ಹದಿನೆಂಟು ತುಂಬದವರ ಮಾಹಿತಿ ಬಳಸಲು ತಂದೆ-ತಾಯಿಯ ಒಪ್ಪಿಗೆ ಬೇಕು. ಸರಿಯಾಗೇ ಇದೆ. ಒಪ್ಪಿಗೆ ಕೊಡುವ ಅಪ್ಪನೇ ಫೋನು ಹಿಡಿದ ಅಪ್ಪನೂ ಆಗಿರುವುದರಿಂದ ಕೆಲಸ ಒಂದೇ ಕೌಂಟರಿನಲ್ಲಿ ಮುಗಿಯುತ್ತದೆ. ಇನ್ನು ದೊಡ್ಡವರು ತಾವಾಗಿಯೇ ಬೀದಿಗಿಟ್ಟ ಸ್ವಂತ ಮಾಹಿತಿಗೆ ತಾನು ಅನ್ವಯಿಸುವುದೇ ಇಲ್ಲ ಎಂದು ಅದೇ ಕಾಯ್ದೆ ಕೈತೊಳೆದುಕೊಂಡಿದೆ. ಉದಾಹರಣೆಗೆ ಅದು ಹೆಸರಿಸಿರುವುದೂ ಸೋಷಿಯಲ್ ಮೀಡಿಯಾದಲ್ಲಿ ಬರೆದುಕೊಳ್ಳುವ ಒಬ್ಬರನ್ನೇ.

ರಾಜಕಾರಣಿಗಳು ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಪಕ್ಕದ ಹೊನ್ನಾಳಿಯ ಅಂದಿನ ಶಾಸಕ ಎಂ.ಪಿ. ರೇಣುಕಾಚಾರ್ಯರು ಕೋವಿಡ್ ಕೇಂದ್ರದಲ್ಲೇ ತಂಗಿ, ಊಟ ಬಡಿಸಿ, ರೋಗಿಗಳ ಮುಂದೆ ಕುಣಿದ ವಿಡಿಯೋಗಳನ್ನು ನಾಡೇ ನೋಡಿತು. ರೋಗಿಗಳಿಗೆ ಧೈರ್ಯ ಬಂದಿರಲೂಬಹುದು, ಕುಣಿತಕ್ಕೆ ನನ್ನ ತಕರಾರಿಲ್ಲ. ಹಿಂದೆ ಮಂಚದ ಮೇಲೆ ಕೂತವರಿಗೆ ಸೋಂಕು ತಗುಲಿದೆ ಎಂಬುದು ಮಾತ್ರ ಅದೇ ಹಾಡಿನ ಜೊತೆ ರಾಜ್ಯಕ್ಕೆಲ್ಲ ಗೊತ್ತಾಯಿತು. ಪಾಸಿಟಿವ್ ಬಂದ ಮನೆಯ ಮುಂದೆ ಹಾಲಿನವನೂ ನಿಲ್ಲದಿದ್ದ ಕಾಲ ಅದು.

ನೋಡುವವರಾದ ನಾವೇನು ಸಾಚಾಗಳೇ? ಫಾಲೋ ಒತ್ತಿದ ಕೂಡಲೇ ಅವರ ಇನ್‌ಬಾಕ್ಸ್ ನಮ್ಮ ಹಿತ್ತಲು ಅಂದುಕೊಳ್ಳುತ್ತೇವೆ. ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ ಎಂಬ ಸಿಟ್ಟಿಗೆ 2024ರ ಜೂನ್‌ನಲ್ಲಿ ನೆರೆಯ ಚಿತ್ರದುರ್ಗದ ಯುವಕನ ಕೊಲೆಯಾಯಿತು ಎಂಬ ಆರೋಪ, ಅದರಲ್ಲಿ ನಟ ದರ್ಶನ್ ಬಂಧನ, ಎಲ್ಲ ಗೊತ್ತಿದ್ದದ್ದೇ. ಸಂದೇಶಕ್ಕೂ ಪೊಲೀಸರಿದ್ದರು, ಕೊಲೆಗೆ ಯಾವ ಸಮಜಾಯಿಷಿಯೂ ಇಲ್ಲ. ಪಾಠ ಕಲಿತೆವೇ? ಮರು ವರ್ಷ ಜುಲೈನಲ್ಲಿ ಅದೇ ಪ್ರಕರಣದ ಬಗ್ಗೆ ನಟಿ ರಮ್ಯಾ ನಾಲ್ಕು ಮಾತು ಬರೆದದ್ದಕ್ಕೆ ಬಂದ ಹೊಲಸು ಎಷ್ಟೆಂದರೆ, 43 ಖಾತೆಗಳ ವಿರುದ್ಧ ಅವರು ಬೆಂಗಳೂರು ಪೊಲೀಸರಿಗೆ ದೂರು ಕೊಡಬೇಕಾಯಿತು. ಅಭಿಮಾನಿ ಅಂತ ಕರೆಸಿಕೊಳ್ಳಲು ಈಗ ಇಷ್ಟು ಅರ್ಹತೆ ಸಾಕು.

ಹರಿಹರಕ್ಕೆ ಬನ್ನಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿ. ಕಂಬದ ಹತ್ತಿರ ಕಣ್ಣು ಮುಚ್ಚಿ ಕೈ ಮುಗಿದ ಮುದುಕಿಯನ್ನು ನಿಧಾನಗತಿಯಲ್ಲಿ ಹಿಡಿದು, ಕೊಳಲಿನ ಸಂಗೀತ ಹಚ್ಚಿ, 'ಶುದ್ಧ ಭಕ್ತಿ' ಎಂದು ಬರೆದು ಬಿಟ್ಟಿದ್ದಾರೆ. ಅಜ್ಜಿ ದೇವರ ಹತ್ತಿರ ಏನು ಹೇಳಿಕೊಳ್ಳಲು ಬಂದಿದ್ದಳೋ, ಅಂತೂ ಸಾವಿರಾರು ಜನ ಲೈಕ್ ಒತ್ತಿದರು. ಈ ಕ್ಷೇತ್ರದ ಪುರಾಣದಲ್ಲಿ ಗುಹಾಸುರ ಬರುತ್ತಾನೆ. ಹರಿಯಿಂದಲೂ ಸಾಯಬಾರದು, ಹರನಿಂದಲೂ ಸಾಯಬಾರದು, ಅದು ಅವನ ವರ. ನಮ್ಮ ಇನ್‌ಫ್ಲುಯೆನ್ಸರ್ ಆ ವರವನ್ನು ತಪಸ್ಸಿಲ್ಲದೆಯೇ ಪಡೆದಿದ್ದಾನೆ. ಸುದ್ದಿ ನಿಜವೋ ವಿಚಾರಿಸಿದೆಯಾ ಎಂದರೆ 'ನಾನು ಪತ್ರಕರ್ತ ಅಲ್ಲ ಸಾರ್' ಅನ್ನುತ್ತಾನೆ. ಯಾಕೆ ಚಿತ್ರೀಕರಿಸಿದೆ ಎಂದರೆ 'ನಾವು ಮೀಡಿಯಾದವ್ರು' ಅನ್ನುತ್ತಾನೆ. ಮಾರನೇ ದಿನ ಅವನ ಮದುವೆ ಮುರಿದರೆ, 'ದಯವಿಟ್ಟು ನಮ್ಮ ಖಾಸಗಿತನ ಗೌರವಿಸಿ' ಎಂಬ ಪೋಸ್ಟು. ಅದಕ್ಕೂ ಹ್ಯಾಶ್‌ಟ್ಯಾಗ್ ಉಂಟು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪಿಗೆ ಇರುವುದು ಕನ್ನಡಿಗರೊಬ್ಬರ ಹೆಸರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅವರು ಹೋರಾಡಿದ್ದು ಸರ್ಕಾರದ ವಿರುದ್ಧ. ಪಕ್ಕದ ಟೇಬಲಿನ ಹುಡುಗನ ವಿರುದ್ಧವೂ ಹೋರಾಡಬೇಕಾದೀತು ಎಂದು ಅವರಿಗೆ ಹೊಳೆದಿತ್ತೋ ಇಲ್ಲವೋ.

ಅಷ್ಟು ದೂರ ದೆಹಲಿಗೆ ಹೋಗುವುದು ಬೇಡ. ದಾವಣಗೆರೆ, ಹರಿಹರದ ಹೋಟೆಲ್ ಮಾಲೀಕರಲ್ಲಿ ಒಂದು ಅರಿಕೆ. ಗಲ್ಲಾದ ಹಿಂದೆ 'ಸಾಲ ಕೇಳಬೇಡಿ' ಬೋರ್ಡಿನ ಪಕ್ಕ ಇನ್ನೊಂದು ತಗುಲಿಹಾಕಿ: 'ದೋಸೆಯ ವಿಡಿಯೋ ತೆಗೆಯಬಹುದು, ಗಿರಾಕಿಗಳದು ಕೇಳಿ ತೆಗೆಯಿರಿ.' ಮೂರು ಸಲ ಬೆಣ್ಣೆ ಹಾಕಿಸಿದವರಿಗೆ ಮೂರು ದೋಸೆಯ ಬಿಲ್ಲು ಕೊಡಿ, ಒಂದರ ದುಡ್ಡು ಕಾವಲಿ ಮುಂದೆ ನಿಂತವನ ಕೈಗೆ ಹೋಗಲಿ.